ಜೂನ್ ತಿಂಗಳ ಶುಲ್ಕದ ಹಣ: ಬಡ್ಡಿ ಇಳಿದ ಕಾಲದಲ್ಲಿ ಗಡಿನಾಡ ಕುಟುಂಬಗಳು ಅರಿಯಬೇಕಾದದ್ದು

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಒಂದೇ ವರ್ಷದಲ್ಲಿ ರೆಪೊ ದರವನ್ನು ನಾಲ್ಕು ಬಾರಿ ಇಳಿಸಿತು. ಫೆಬ್ರವರಿಯಲ್ಲಿ ಶೇ 6.50ರಿಂದ 6.25ಕ್ಕೆ, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್ 6ರಂದು ಒಮ್ಮೆಲೇ 5.50ಕ್ಕೆ, ಡಿಸೆಂಬರ್ 5ರಂದು 5.25ಕ್ಕೆ. ಮನೆಸಾಲದ ಕಂತು ಕಟ್ಟುವವರಿಗೆ ಇದು ಸಂತಸದ ಸುದ್ದಿ. ಕೂಡಿಟ್ಟ ಹಣದ ಬಡ್ಡಿಯನ್ನು ನೆಚ್ಚಿದವರಿಗೆ ಹಾಗಲ್ಲ. ದೇಶದ ಅತಿದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಉಳಿತಾಯ ಖಾತೆಯ ಬಡ್ಡಿಯನ್ನು ಅದೇ ಜೂನ್ 15ರಿಂದ ಶೇ 2.50ಕ್ಕೆ ಇಳಿಸಿತು. ನಿಶ್ಚಿತ ಠೇವಣಿಗಳ ಬಡ್ಡಿಯೂ ಅದೇ ಜಾಡು ಹಿಡಿಯಿತು.

ಈ ಇಳಿಕೆಯನ್ನು ಗಡಿನಾಡಿನ ಕನ್ನಡ ಶಾಲೆಗಳ ಕುಟುಂಬಗಳ ಕಣ್ಣಿನಿಂದ ನೋಡುವ ಅಗತ್ಯವಿದೆ. ಏಕೆಂದರೆ ನಮ್ಮ ಮನೆಗಳ ಹಣದ ಓಟಕ್ಕೆ ಒಂದು ಋತುಮಾನವಿದೆ. ಕಾಸರಗೋಡಿನಲ್ಲಿ ಅಡಿಕೆ, ಜತ್ತ ತಾಲ್ಲೂಕಿನಲ್ಲಿ ದ್ರಾಕ್ಷಿ, ತಾಳವಾಡಿಯಲ್ಲಿ ಅರಿಸಿನ, ಆದೋನಿಯ ಮಾರುಕಟ್ಟೆಯಲ್ಲಿ ಹತ್ತಿ, ಪಶ್ಚಿಮ ತೆಲಂಗಾಣದಲ್ಲಿ ತೊಗರಿ. ಬೆಳೆ ಯಾವುದಾದರೂ ಮಾರಾಟದ ಹಣ ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ನಡುವೆ ಕೈಸೇರುತ್ತದೆ. ಅದು ಕೈಬಿಡುವುದು ಜೂನ್‌ನಲ್ಲಿ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ಮುಂದಿನ ಓದಿಗೆ ಮಂಗಳೂರು, ವಿಜಯಪುರ, ಬಳ್ಳಾರಿ, ಚಾಮರಾಜನಗರ, ಬೆಂಗಳೂರುಗಳತ್ತ ಹೊರಡುವಾಗ ಪ್ರವೇಶ ಶುಲ್ಕ, ವಿದ್ಯಾರ್ಥಿನಿಲಯದ ಮುಂಗಡ, ಪುಸ್ತಕ, ಬಟ್ಟೆ ಎಲ್ಲವೂ ಒಮ್ಮೆಲೇ ಬರುತ್ತವೆ. ನಡುವಿನ ಮೂರರಿಂದ ಆರು ತಿಂಗಳು ಆ ಹಣ ಎಲ್ಲಿರಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇಲ್ಲಿ ಎಡವಿದವರ ಮನೆಯಲ್ಲಿ ಒಂದು ಮಗುವಿನ ಒಂದು ವರ್ಷವೇ ಕೈತಪ್ಪುತ್ತದೆ.

ನಮ್ಮ ನಿಲುವನ್ನು ಮೊದಲೇ ಹೇಳುತ್ತೇವೆ. ಒಂದು ವರ್ಷದೊಳಗೆ ಬೇಕಾಗುವ ಹಣಕ್ಕೆ ಮೊದಲು ನೋಡಬೇಕಾದದ್ದು ಅದು ಬೇಕಾಗುವ ದಿನ, ಎರಡನೆಯದು ಅದನ್ನು ಹಿಂದಿರುಗಿಸಬೇಕಾದವರು ಯಾರು ಎಂಬುದು, ಬಡ್ಡಿಯ ದರ ಮೂರನೆಯದು. ಬಡ್ಡಿ ಇಳಿದ ಕಾಲದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಪಾಯವಿರುವುದೂ ಅಲ್ಲಿಯೇ.

ಅಲ್ಪಾವಧಿ ಹಣದ ಪೇಟೆ

ಒಂದು ದಿನದಿಂದ ಒಂದು ವರ್ಷದವರೆಗಿನ ಅವಧಿಗೆ ಹಣವನ್ನು ಕೊಟ್ಟು ಪಡೆಯುವ ವ್ಯವಹಾರಕ್ಕೆ ಹಣದ ಮಾರುಕಟ್ಟೆ ಎಂದು ಹೆಸರು. ದಿನದ ಲೆಕ್ಕ ಮುಗಿಸುವಾಗ ಒಂದು ಬ್ಯಾಂಕಿನಲ್ಲಿ ಹಣ ಮಿಕ್ಕಿರುತ್ತದೆ, ಇನ್ನೊಂದರಲ್ಲಿ ಕೊರತೆ ಬಿದ್ದಿರುತ್ತದೆ. ಮಿಕ್ಕಿದ್ದನ್ನು ಕೊರತೆಯವರಿಗೆ ಒಂದು ರಾತ್ರಿಯ ಮಟ್ಟಿಗೆ ಕೊಟ್ಟರೆ ಅದು ಕಾಲ್ ಮನಿ. 2ರಿಂದ 14 ದಿನಗಳವರೆಗೆ ಕೊಟ್ಟರೆ ನೋಟಿಸ್ ಮನಿ. ಕೇಂದ್ರ ಸರ್ಕಾರಕ್ಕೂ ಅಲ್ಪಾವಧಿಯ ಹಣ ಬೇಕಾಗುತ್ತದೆ. ಅದಕ್ಕಾಗಿ 91, 182 ಮತ್ತು 364 ದಿನಗಳ ಟ್ರೆಷರಿ ಬಿಲ್‌ಗಳನ್ನು ರಿಸರ್ವ್ ಬ್ಯಾಂಕ್ ವಾರಕ್ಕೊಮ್ಮೆ, ಸಾಮಾನ್ಯವಾಗಿ ಬುಧವಾರದಂದು, ಹರಾಜು ಹಾಕುತ್ತದೆ. ದೊಡ್ಡ ಕಂಪನಿಗಳು ಕಮರ್ಷಿಯಲ್ ಪೇಪರ್ ಮೂಲಕ, ಬ್ಯಾಂಕುಗಳು ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಮೂಲಕ ಹಣ ಎತ್ತುತ್ತವೆ. 1987ರ ವಘುಲ್ ಸಮಿತಿಯ ವರದಿಯ ಬಳಿಕ ಇವೆರಡೂ ಭಾರತಕ್ಕೆ ಬಂದವು. ಎರಡಕ್ಕೂ ಕನಿಷ್ಠ ಮೊತ್ತ 5 ಲಕ್ಷ ರೂಪಾಯಿ ಆಗಿರುವುದರಿಂದ ಸಾಮಾನ್ಯ ಕುಟುಂಬದ ಕೈಗೆ ಅವು ನೇರವಾಗಿ ಎಟುಕುವುದಿಲ್ಲ.

ಈ ಪೇಟೆಯ ದರಗಳೆಲ್ಲ ರೆಪೊ ದರದ ಸುತ್ತ ಸುಳಿಯುತ್ತವೆ. ಸರ್ಕಾರಿ ಸಾಲಪತ್ರಗಳನ್ನು ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಹಣ ಕೊಡುವ ದರವೇ ರೆಪೊ. ಇದಲ್ಲದೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇರಿಸಬೇಕಾದ ನಗದು ಮೀಸಲು ಪ್ರಮಾಣವನ್ನೂ 2025ರ ಸೆಪ್ಟೆಂಬರ್‌ನಿಂದ ನಾಲ್ಕು ಹಂತಗಳಲ್ಲಿ ಶೇ 4ರಿಂದ 3ಕ್ಕೆ ಇಳಿಸಲಾಯಿತು. ಇದರಿಂದ ಬ್ಯಾಂಕುಗಳ ಕೈಗೆ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬಿಡುಗಡೆಯಾಗುವುದೆಂದು ರಿಸರ್ವ್ ಬ್ಯಾಂಕೇ ಹೇಳಿತ್ತು. ಕೈಯಲ್ಲಿ ಹಣವಿರುವ ಬ್ಯಾಂಕು ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿದಾರರನ್ನು ಕರೆಯುವುದಿಲ್ಲ. ಮುಂಬಯಿಯ ಈ ನಿರ್ಧಾರ ಮಂಜೇಶ್ವರದ ಅಥವಾ ಮಡಕಶಿರದ ಬ್ಯಾಂಕ್ ಶಾಖೆಯ ಬಡ್ಡಿ ಫಲಕದ ಮೇಲೆ ಕಾಣಿಸುವುದು ಹೀಗೆ. ಹಿಂದೆಯೇ ಇಟ್ಟ ನಿಶ್ಚಿತ ಠೇವಣಿಗೆ ಒಪ್ಪಿದ ಬಡ್ಡಿಯೇ ಅವಧಿಯ ಕೊನೆಯವರೆಗೂ ಸಿಗುತ್ತದೆ. ಹೊಸದಕ್ಕೆ ಮಾತ್ರ ಹೊಸ ದರ.

ದಿನ ನೋಡಿ ಜಾಗ ಆರಿಸುವುದು

ಅಂಚೆ ಕಚೇರಿಯಿಂದ ಆರಂಭಿಸೋಣ. ಅಲ್ಲಿಟ್ಟ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಹೊಸೂರಿನಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ ದರ ಒಂದೇ; ಖಾತೆಯನ್ನು ಬೇರೆ ರಾಜ್ಯದ ಅಂಚೆ ಕಚೇರಿಗೆ ವರ್ಗಾಯಿಸಿಕೊಳ್ಳಲೂ ಬರುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರಗಳನ್ನು ಪರಿಶೀಲಿಸುತ್ತದೆ. ರೆಪೊ ಇಳಿಯುತ್ತಿದ್ದ 2025ರಲ್ಲಿ ಅಂಚೆಯ ಒಂದು ವರ್ಷದ ಠೇವಣಿಗೆ ಶೇ 6.9, ಉಳಿತಾಯ ಖಾತೆಗೆ ಶೇ 4 ಬಡ್ಡಿ ಬದಲಾಗದೆ ಉಳಿಯಿತು.

ಹಾಗಾದರೆ ಜನವರಿಯಲ್ಲಿ ಬಂದ ಅಡಿಕೆಯ ಹಣವನ್ನು ಅಂಚೆಯ ಒಂದು ವರ್ಷದ ಠೇವಣಿಯಲ್ಲಿ ಇಡಬಹುದೇ? ದರ ಆಕರ್ಷಕ, ಹೊಣೆಗಾರ ಭದ್ರ. ಆದರೆ ಆರು ತಿಂಗಳಾಗುವ ಮೊದಲು ಆ ಠೇವಣಿಯನ್ನು ಮುರಿಯಲು ನಿಯಮ ಬಿಡುವುದಿಲ್ಲ. ಆರು ತಿಂಗಳು ಕಳೆದು ವರ್ಷ ತುಂಬುವ ಮೊದಲು ಮುರಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಅಂದರೆ ಜೂನ್‌ನಲ್ಲಿ ಬೇಕಾದ ಹಣಕ್ಕೆ ಅದು ತಕ್ಕ ಜಾಗವಲ್ಲ. ಮುಂದಿನ ವರ್ಷದ ಶುಲ್ಕಕ್ಕೆ ಒಳ್ಳೆಯ ಜಾಗ. ಅಂಚೆಯ ಉಳಿತಾಯ ಖಾತೆಯಾದರೋ ಯಾವ ದಿನ ಬೇಕಾದರೂ ಹಣ ಕೊಡುತ್ತದೆ. ಒಂದೇ ಎಚ್ಚರಿಕೆ: ಅಲ್ಲಿ ಬಡ್ಡಿಯ ಲೆಕ್ಕ ಪ್ರತಿ ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕಿನ ಮೇಲೆ ನಡೆಯುತ್ತದೆ. ಹಣ ಕಟ್ಟುವುದಿದ್ದರೆ 10ನೆಯ ತಾರೀಕಿನೊಳಗೆ ಕಟ್ಟುವುದು ಜಾಣತನ.

ಬ್ಯಾಂಕಿನ ನಿಶ್ಚಿತ ಠೇವಣಿಯನ್ನು 7 ದಿನಗಳಿಂದ ಮೇಲ್ಪಟ್ಟು ಯಾವ ಅವಧಿಗೂ ಇಡಬಹುದು. ಐದು ತಿಂಗಳಿಗೆಂದರೆ ಐದು ತಿಂಗಳಿಗೇ ಇಟ್ಟು, ಅವಧಿ ಮುಗಿಯುವ ದಿನ ಶುಲ್ಕದ ದಿನಕ್ಕಿಂತ ಒಂದು ವಾರ ಮೊದಲೇ ಬರುವಂತೆ ನೋಡಿಕೊಳ್ಳಬೇಕು. ಅವಧಿಗೆ ಮೊದಲು ಮುರಿದರೆ ಬಹುತೇಕ ಬ್ಯಾಂಕುಗಳು ದಂಡವಾಗಿ ಬಡ್ಡಿಯಲ್ಲಿ ಒಂದಿಷ್ಟು ಕಡಿತ ಮಾಡುತ್ತವೆ. ಮೊತ್ತ ದೊಡ್ಡದಿದ್ದರೆ ಎರಡು ಮೂರು ಠೇವಣಿಗಳಾಗಿ ಒಡೆದು ಇಡುವುದು ಲೇಸು. ನಡುವೆ ಆಸ್ಪತ್ರೆಯ ಖರ್ಚು ಬಂದರೆ ಒಂದನ್ನು ಮಾತ್ರ ಮುರಿದರಾಯಿತು.

ಟ್ರೆಷರಿ ಬಿಲ್ ಇಂದು ಸಾಮಾನ್ಯರಿಗೂ ತೆರೆದಿದೆ. 2021ರ ನವೆಂಬರ್ 12ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ವ್ಯವಸ್ಥೆಯಲ್ಲಿ ಖಾತೆ ತೆರೆದರೆ 10,000 ರೂಪಾಯಿಯಿಂದ ಕೊಳ್ಳಬಹುದು, ಖಾತೆಗೆ ಶುಲ್ಕವಿಲ್ಲ. ಬಿಲ್ಲಿಗೆ ಪ್ರತ್ಯೇಕ ಬಡ್ಡಿ ಇರುವುದಿಲ್ಲ. ಕಡಿಮೆ ಬೆಲೆಗೆ ಕೊಂಡು ಅವಧಿಯ ಕೊನೆಗೆ ಪೂರ್ಣ ಮುಖಬೆಲೆ ಪಡೆಯುವುದೇ ಲಾಭ. ವಾರ್ಷಿಕ ಶೇ 5.4ರ ಲೆಕ್ಕದಲ್ಲಿ 10,000 ರೂಪಾಯಿಯ 91 ದಿನಗಳ ಬಿಲ್ಲಿಗೆ ಸುಮಾರು 9,867 ರೂಪಾಯಿ ಕೊಡಬೇಕಾಗುತ್ತದೆ. ಮೂರು ತಿಂಗಳಿಗೆ 133 ರೂಪಾಯಿ ದೊರೆಯುತ್ತದೆ. ಮಾರ್ಚ್ ಮೊದಲ ವಾರ ಕೊಂಡದ್ದು ಜೂನ್ ಮೊದಲ ವಾರ ಕೈಗೆ ಬರುತ್ತದೆ. ಸಾಲಗಾರ ಕೇಂದ್ರ ಸರ್ಕಾರವೇ ಆದ್ದರಿಂದ ಹಣ ಮುಳುಗುವ ಭಯವಿಲ್ಲ. ಆದರೆ ಅವಧಿಗೆ ಮೊದಲು ಸಣ್ಣ ಮೊತ್ತವನ್ನು ಮಾರುವುದು ಸುಲಭವಲ್ಲ. ಅಂತರಜಾಲದಲ್ಲಿ ವ್ಯವಹರಿಸುವ ರೂಢಿ ಇರುವ ಮನೆಗಳಿಗೆ ಮಾತ್ರ ಇದು ಸರಿ.

ಲಿಕ್ವಿಡ್ ಫಂಡ್ ಎಂಬುದು ಮ್ಯೂಚುವಲ್ ಫಂಡ್‌ಗಳಲ್ಲಿ ಒಂದು ಬಗೆ. ಹಲವರ ಹಣವನ್ನು ಒಟ್ಟುಗೂಡಿಸಿ 91 ದಿನಗಳೊಳಗೆ ಮುಗಿಯುವ ಟ್ರೆಷರಿ ಬಿಲ್, ಬ್ಯಾಂಕ್ ಪತ್ರ, ಕಂಪನಿ ಪತ್ರಗಳಲ್ಲಿ ತೊಡಗಿಸುತ್ತದೆ. 5 ಲಕ್ಷದ ಮಿತಿಯ ಆಚೆಗಿನ ಪೇಟೆಗೆ ಸಾಮಾನ್ಯರ ದಾರಿ ಇದು. ಕೇಳಿದರೆ ಹಣ ಸಾಮಾನ್ಯವಾಗಿ ಮರುದಿನ ಬರುತ್ತದೆ. 7 ದಿನಗಳೊಳಗೆ ತೆಗೆದರೆ ಸಣ್ಣ ಶುಲ್ಕ ಬೀಳುತ್ತದೆ. ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಇದಕ್ಕೆ ಠೇವಣಿ ವಿಮೆಯ ರಕ್ಷಣೆಯೂ ಇಲ್ಲ, ಇಂತಿಷ್ಟೇ ಬರುತ್ತದೆಂಬ ಭರವಸೆಯೂ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾರದೆ ಹೋದಾಗ ಅದರ ಪತ್ರಗಳನ್ನು ಇಟ್ಟುಕೊಂಡಿದ್ದ ಕೆಲವು ಲಿಕ್ವಿಡ್ ಫಂಡ್‌ಗಳ ಮೌಲ್ಯ ಕುಸಿದಿತ್ತು.

2020ರ ಏಪ್ರಿಲ್ 23ರ ಘಟನೆ ಇನ್ನೂ ಸ್ಪಷ್ಟವಾದ ಪಾಠ. ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ಅಂದು ತನ್ನ ಆರು ಸಾಲಪತ್ರ ಫಂಡ್‌ಗಳನ್ನು ಮುಚ್ಚಿತು. 25,000 ಕೋಟಿಗೂ ಹೆಚ್ಚು ಹಣ ಸಿಲುಕಿಕೊಂಡಿತು. ಅವು ಲಿಕ್ವಿಡ್ ಫಂಡ್‌ಗಳಾಗಿರಲಿಲ್ಲ. ತುಸು ಹೆಚ್ಚು ಆದಾಯಕ್ಕಾಗಿ ಕೆಳದರ್ಜೆಯ ಕಂಪನಿ ಪತ್ರಗಳನ್ನು ಕೊಂಡಿದ್ದವು. ಮುಂದಿನ ವರ್ಷಗಳಲ್ಲಿ ಹೂಡಿಕೆದಾರರಿಗೆ ಕಂತು ಕಂತಾಗಿ ಹಣ ಮರಳಿತು. ಆದರೆ ಆ ವರ್ಷದ ಜೂನ್‌ನಲ್ಲಿ ಬೇಕೆಂದಿದ್ದವರಿಗೆ ಅದು ಜೂನ್‌ನಲ್ಲಿ ಸಿಗಲಿಲ್ಲ. ನಷ್ಟವಾಗದೆಯೂ ಹಣ ಕೈಕೊಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಸೆಯ ಬೆಲೆ

ಒಂದು ಲಕ್ಷ ರೂಪಾಯಿಯನ್ನು ಐದು ತಿಂಗಳು ಇಡುವ ಲೆಕ್ಕ ಹಾಕೋಣ. ಶೇ 2.5ರ ಬ್ಯಾಂಕ್ ಉಳಿತಾಯ ಖಾತೆಯಲ್ಲಿ ಸುಮಾರು 1,042 ರೂಪಾಯಿ ಬಡ್ಡಿ. ಶೇ 4ರ ಅಂಚೆ ಉಳಿತಾಯದಲ್ಲಿ 1,667. ಶೇ 5.5 ಸಿಗುವ ನಿಶ್ಚಿತ ಠೇವಣಿಯಲ್ಲಿ 2,292. ಊರಿನ ಯಾವುದೋ ಸಂಸ್ಥೆ ಶೇ 12 ಕೊಡುತ್ತೇನೆ ಎಂದರೆ 5,000. ಭದ್ರ ಠೇವಣಿಗೂ ಈ ಆಮಿಷಕ್ಕೂ ನಡುವಿನ ಅಂತರ 2,708 ರೂಪಾಯಿ. ಅಷ್ಟಕ್ಕಾಗಿ ಪಣಕ್ಕಿಡುವುದು ಪೂರ್ತಿ ಒಂದು ಲಕ್ಷವನ್ನು, ಅದರೊಡನೆ ಮಗುವಿನ ಪ್ರವೇಶವನ್ನು. ಹತ್ತು ವರ್ಷದ ಹೂಡಿಕೆಯಲ್ಲಿ ಒಂದೆರಡು ಶೇಕಡಾ ಅಂಶದ ವ್ಯತ್ಯಾಸ ದೊಡ್ಡದು. ಐದು ತಿಂಗಳ ಹೂಡಿಕೆಯಲ್ಲಿ ಅದು ಬಸ್ ಚಾರ್ಜಿನಷ್ಟು.

ಇಲ್ಲಿ ಹೊಣೆಗಾರ ಯಾರು ಎಂಬ ಪ್ರಶ್ನೆ ಬರುತ್ತದೆ. ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. 2020ರ ಫೆಬ್ರವರಿ 4ರವರೆಗೆ ಈ ಮಿತಿ ಒಂದು ಲಕ್ಷವಷ್ಟೇ ಇತ್ತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಸಿಕ್ಕಿದ್ದು ಕೇವಲ 1,000 ರೂಪಾಯಿ. 2021ರ ತಿದ್ದುಪಡಿಯ ಬಳಿಕ ಇಂಥ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣ 90 ದಿನಗಳೊಳಗೆ ಸಿಗಬೇಕು.

ನಮ್ಮ ಭಾಗದ ಕುಟುಂಬಗಳು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕಾಸರಗೋಡಿನಲ್ಲಿ ಕರಾವಳಿಯ ಬ್ಯಾಂಕುಗಳ ಶಾಖೆಗಳು ಹಿಂದಿನಿಂದಲೂ ಹರಡಿಕೊಂಡಿವೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕ್ ಅದರ ಹಿಂದಿನ ವರ್ಷ ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಸೇರಿಹೋದವು. ಕೆನರಾದಲ್ಲಿ ಒಂದು, ಸಿಂಡಿಕೇಟಿನಲ್ಲಿ ಒಂದು ಎಂದು ಠೇವಣಿ ಇಟ್ಟಿದ್ದವರಿಗೆ ಹಿಂದೆ ಎರಡು ಪ್ರತ್ಯೇಕ ವಿಮಾ ಮಿತಿಗಳಿದ್ದವು. ಈಗ ಒಂದೇ ಬ್ಯಾಂಕು, ಒಂದೇ ಮಿತಿ.

ಹೆಚ್ಚಿನ ತೊಡಕಿರುವುದು ಸಹಕಾರಿ ಸಂಘಗಳ ವಿಷಯದಲ್ಲಿ. ನಗರ ಸಹಕಾರಿ ಬ್ಯಾಂಕುಗಳಿಗೆ ಈ ವಿಮೆ ಅನ್ವಯಿಸುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಕೇರಳದಲ್ಲಿ ಅಂಥ ಸಂಘಗಳ ಫಲಕದ ಮೇಲೆ ‘ಸರ್ವೀಸ್ ಸಹಕಾರಿ ಬ್ಯಾಂಕ್’ ಎಂದೇ ಬರೆದಿರುತ್ತದೆ. 2020ರ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿ ಕಾಯ್ದೆಯ ಪ್ರಕಾರ ಸಂಘಗಳು ಬ್ಯಾಂಕ್ ಎಂಬ ಪದ ಬಳಸಬಾರದೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕ ಪ್ರಕಟಣೆ ನೀಡಿತ್ತು. ಕೇರಳ ಸರ್ಕಾರ ಅದನ್ನು ವಿರೋಧಿಸಿತು. ಕೇರಳದಲ್ಲಿ ಸಹಕಾರಿ ಠೇವಣಿಗಳಿಗೆ ಪ್ರತ್ಯೇಕ ಖಾತರಿ ನಿಧಿ ಮಂಡಳಿ ಇದೆ ಎಂಬುದೂ ನಿಜ. ಹೀಗಿದ್ದೂ 2021ರಲ್ಲಿ ತೃಶೂರ್ ಜಿಲ್ಲೆಯ ಕರುವನ್ನೂರಿನ ಸಹಕಾರಿ ಬ್ಯಾಂಕಿನ ಹಗರಣ ಹೊರಬಿದ್ದಾಗ ಠೇವಣಿದಾರರು ತಮ್ಮ ಹಣಕ್ಕಾಗಿ ದೀರ್ಘಕಾಲ ಕಾಯಬೇಕಾಯಿತು. ಸಹಕಾರಿ ಸಂಘಗಳು ನಮ್ಮ ಕೃಷಿಕರ ಬೆನ್ನೆಲುಬು. ಬೆಳೆಸಾಲ, ಗೊಬ್ಬರ, ಅಡವು ಎಲ್ಲದಕ್ಕೂ ಅವೇ ಆಸರೆ. ಅವುಗಳನ್ನು ದೂರವಿಡಿ ಎಂದು ನಾವು ಹೇಳುತ್ತಿಲ್ಲ. ಮನೆಯ ಅಲ್ಪಾವಧಿಯ ಹಣವನ್ನೆಲ್ಲ ಒಂದೇ ಸಂಘದಲ್ಲಿ ಇಡಬೇಡಿ ಎನ್ನುತ್ತೇವೆ.

ಗಡಿ ದಾಟಿ ಇಟ್ಟ ಹಣಕ್ಕೆ ಮತ್ತೊಂದು ಸಿಕ್ಕು. ಜತ್ತದ ಕುಟುಂಬ ಕರ್ನಾಟಕದ ಸೌಹಾರ್ದ ಸಹಕಾರಿಯಲ್ಲಿ ಹಣವಿಟ್ಟರೆ ದೂರು ಹೋಗಬೇಕಾದದ್ದು ಕರ್ನಾಟಕದ ಅಧಿಕಾರಿಗಳಿಗೆ. ಸಂಘವು ಬಹುರಾಜ್ಯ ಸಹಕಾರಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ದೆಹಲಿಯ ಕೇಂದ್ರ ನಿಬಂಧಕರಿಗೆ. ಹಣ ಇಡುವ ಮೊದಲೇ ನೋಂದಣಿ ಯಾವ ಕಾಯ್ದೆಯಡಿ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಯಾವ ನೋಂದಣಿಯೂ ಇಲ್ಲದೆ ಠೇವಣಿ ಸಂಗ್ರಹಿಸುವುದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಂತೆ ಅಪರಾಧ.

ನಮ್ಮ ಭಾಷೆಯಲ್ಲಿ ಇಲ್ಲದ ಕಾಗದ

ಬ್ಯಾಂಕಿನ ನಮೂನೆಗಳು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆ ಹೀಗೆ ಮೂರು ಭಾಷೆಗಳಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಕಾಸರಗೋಡಿನಲ್ಲಿ ಆ ಪ್ರಾದೇಶಿಕ ಭಾಷೆ ಮಲಯಾಳವಾಗುತ್ತದೆ, ಸೊಲ್ಲಾಪುರದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ರಾಯದುರ್ಗದಲ್ಲಿ ತೆಲುಗು. ಮೂರು ಭಾಷೆಗಳ ನಡುವೆ ಕನ್ನಡ ಓದುವ ತಾಯಿಗೆ ಅರ್ಥವಾಗುವ ಸಾಲು ಒಂದೂ ಇರದಿರಬಹುದು. ಇಂಥ ಮೇಜಿನ ಮುಂದೆಯೇ ಠೇವಣಿ ಇಡಲು ಹೋದವರ ಕೈಗೆ ವಿಮಾ ಪಾಲಿಸಿಯ ಅರ್ಜಿ ಬರುವುದು. ಐದು ತಿಂಗಳಿಗೆಂದು ಕೊಟ್ಟ ಹಣ ಹಲವು ವರ್ಷಗಳ ಕಂತಾಗಿ ಬದಲಾಗಿರುತ್ತದೆ.

ಆದ್ದರಿಂದ ಸಹಿ ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಇದು ಠೇವಣಿಯೋ, ವಿಮೆಯೋ, ಫಂಡೋ? ಪೂರ್ತಿ ಹಣ ಯಾವ ತಾರೀಕಿನಂದು ಕೈಗೆ ಬರುತ್ತದೆ? ಅದಕ್ಕೆ ಮೊದಲು ಬೇಕಾದರೆ ಎಷ್ಟು ಕಡಿತವಾಗುತ್ತದೆ? ಉತ್ತರವನ್ನು ಆ ಕಾಗದದ ಮೇಲೆಯೇ ಬರೆಸಿಕೊಳ್ಳುವುದು ಉತ್ತಮ. ಕನ್ನಡದಲ್ಲಿ ಸಹಿ ಹಾಕಲು ಯಾವ ಅಡ್ಡಿಯೂ ಇಲ್ಲ. ತಿಳಿಯದೆ ಜೀವವಿಮೆಯ ಪಾಲಿಸಿ ಕೊಂಡಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ.

ಬ್ಯಾಂಕಿನ ವಿರುದ್ಧದ ದೂರನ್ನು ಮೊದಲು ಆ ಬ್ಯಾಂಕಿಗೇ ಬರಹದಲ್ಲಿ ಕೊಡಬೇಕು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದರ ಸಹಾಯವಾಣಿ 14448ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಸಹಕಾರಿ ನಿಬಂಧಕರಂಥ ಸರ್ಕಾರಿ ಅಧಿಕಾರಿಗಳಿಗೆ ದೂರು ಬರೆಯುವಾಗ ಸಂವಿಧಾನದ 350ನೆಯ ವಿಧಿಯನ್ನು ನೆನೆಯಬೇಕು. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಟ್ಟಿದೆ. ಶಾಲೆಯ ವಿಷಯದಲ್ಲಿ 350ಎ ವಿಧಿಯನ್ನು ಎತ್ತಿ ಹಿಡಿದು ದಶಕಗಳ ಕಾಲ ಹೋರಾಡಿದ ನಾವು ಹಣದ ವಿಷಯದಲ್ಲಿ ಅದರ ಪಕ್ಕದ ವಿಧಿಯನ್ನು ಮರೆಯಬಾರದು.

ತೆರಿಗೆಯ ಮಾತು ಸಂಕ್ಷೇಪವಾಗಿ: 2025ರ ಏಪ್ರಿಲ್‌ನಿಂದ ಬ್ಯಾಂಕ್ ಠೇವಣಿಯ ಬಡ್ಡಿ ವರ್ಷಕ್ಕೆ 50,000 ರೂಪಾಯಿ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟಿದರೆ ಮಾತ್ರ ಬ್ಯಾಂಕು ತೆರಿಗೆ ಮುರಿದುಕೊಳ್ಳುತ್ತದೆ. ಹೆಚ್ಚಿನ ಮನೆಗಳಿಗೆ ಈ ಚಿಂತೆ ಬರುವುದಿಲ್ಲ.

ನಮ್ಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳು ಪ್ರತಿವರ್ಷ ಜನವರಿಯ ಸಭೆಯಲ್ಲಿ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಲಿ ಎಂಬುದು ನಮ್ಮ ಸಲಹೆ. ಕನ್ನಡ ಬಲ್ಲ ಬ್ಯಾಂಕ್ ಅಥವಾ ಅಂಚೆ ಸಿಬ್ಬಂದಿಯೊಬ್ಬರನ್ನು ಕರೆಸಿ, ಆ ತಿಂಗಳ ದರಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಜೂನ್‌ನ ಶುಲ್ಕದಿಂದ ಹಿಂದಕ್ಕೆ ದಿನ ಎಣಿಸುವುದನ್ನು ಮಕ್ಕಳ ಕೈಯಲ್ಲಿಯೇ ಮಾಡಿಸಬಹುದು. ಏಳನೆಯ ತರಗತಿಯ ಸರಳ ಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಕಷ್ಟವಲ್ಲ. ಆ ಲೆಕ್ಕವನ್ನು ಅವರು ಕನ್ನಡದಲ್ಲಿಯೇ ಕಲಿತಿದ್ದಾರೆ. ಮನೆಯಲ್ಲಿ ತಂದೆತಾಯಿಗೂ ಕನ್ನಡದಲ್ಲಿಯೇ ಹೇಳಬಲ್ಲರು.